ಅರ್ಧಕ್ಕೆ ನಿಲ್ಲಿಸಿದ ಶಸ್ತ್ರಚಿಕಿತ್ಸೆ: ಕೊರಾಯ್ಡ್ ಪ್ಲೆಕ್ಸಸ್ ಗಡ್ಡೆಯ ಚಿಕಿತ್ಸೆಯಲ್ಲಿ ನನ್ನ ಅನುಭವ

"ಹೋದ ತಿಂಗಳು ಸಡಿಲವಾಗಿದ್ದ ಟೋಪಿ ಈಗ ತಲೆಗೆ ಇಳಿಯುವುದೇ ಇಲ್ಲ, ಡಾಕ್ಟರೇ" ಎಂದು ಎಂಟು ತಿಂಗಳ ಹೆಣ್ಣುಮಗುವಿನ ತಾಯಿ ಹೇಳಿದ ಮಾತೇ ನನಗೆ ಸಿಕ್ಕ ಮೊದಲ ಸುಳಿವು. ಟೇಪು ಹಿಡಿದು ಅಳೆದಾಗ ತಲೆಯ ಸುತ್ತಳತೆ 48 ಸೆಂಟಿಮೀಟರ್ ಇತ್ತು; ಆ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಅದು ಸಾಮಾನ್ಯವಾಗಿ 43–44ರ ಆಸುಪಾಸಿನಲ್ಲಿರುತ್ತದೆ. ಮಗು ಅಳದೆ ತಾಯಿಯ ತೊಡೆಯ ಮೇಲೆ ಸುಮ್ಮನೆ ಕೂತಿದ್ದಾಗಲೂ ನೆತ್ತಿಯ ಮೆತ್ತನೆಯ ಭಾಗ ಬಿಗಿಯಾಗಿ ಉಬ್ಬಿತ್ತು, ಕಣ್ಣುಗುಡ್ಡೆಗಳು ಕೆಳಗಿಳಿದು ಮೇಲಿನ ಬಿಳಿಭಾಗ ಕಾಣುತ್ತಿತ್ತು.

ಎಂಆರ್‌ಐ ಚಿತ್ರದಲ್ಲಿ ಮಿದುಳಿನೊಳಗಿನ ದ್ರವ ತುಂಬಿದ ಟೊಳ್ಳುಗಳಲ್ಲೊಂದಾದ ಎಡ ಪಾರ್ಶ್ವ ಕುಹರದಲ್ಲಿ ಹೂಕೋಸಿನಂತೆ ಗಂಟುಗಂಟಾದ, ಬಣ್ಣದ ಔಷಧ ಕೊಟ್ಟಾಗ ಪ್ರಖರವಾಗಿ ಬೆಳಗುವ ಗಡ್ಡೆಯೊಂದು ಕಂಡಿತು. ಮಿದುಳಿನ ಕುಹರಗಳಲ್ಲಿರುವ ಕೊರಾಯ್ಡ್ ಪ್ಲೆಕ್ಸಸ್ ಎಂಬ ರಕ್ತನಾಳಭರಿತ ಪೊರೆ ಮಿದುಳುಬಳ್ಳಿಯ ದ್ರವವನ್ನು ಸ್ರವಿಸುತ್ತದೆ. ವಯಸ್ಕರಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರ್ ದ್ರವ ಹೊಸದಾಗಿ ತಯಾರಾಗುತ್ತದೆ. ಆ ಪೊರೆಯಲ್ಲೇ ಗಡ್ಡೆ ಬೆಳೆದಾಗ ದ್ರವ ಅತಿಯಾಗಿ ಉತ್ಪತ್ತಿಯಾಗುವುದೂ ಉಂಟು, ಹರಿದುಹೋಗುವ ದಾರಿ ಮುಚ್ಚಿಕೊಳ್ಳುವುದೂ ಉಂಟು. ಮಿದುಳಿನ ಎಲ್ಲ ಗಡ್ಡೆಗಳಲ್ಲಿ ಇವುಗಳ ಪಾಲು ಶೇಕಡಾ 1ಕ್ಕಿಂತ ಕಡಿಮೆಯಾದರೂ ಹುಟ್ಟಿದ ಮೊದಲ ವರ್ಷದಲ್ಲಿ ಕಾಣುವ ಗಡ್ಡೆಗಳಲ್ಲಿ ಶೇಕಡಾ 10ರಿಂದ 20ರಷ್ಟು ಇವೇ ಆಗಿರುತ್ತವೆ. ಜೀವಕೋಶಗಳು ದ್ರವದ ಜೊತೆ ಕೆಳಗಿಳಿದು ಬೆನ್ನುಹುರಿಯ ಮೇಲೆ ಬೇರೂರಬಹುದಾದ್ದರಿಂದ, ಕತ್ತಿ ಹಿಡಿಯುವ ಮುನ್ನವೇ ಬೆನ್ನಿನ ಚಿತ್ರವನ್ನೂ ತೆಗೆಸುವುದು ನನ್ನ ಪದ್ಧತಿ. ಈ ಮಗುವಿನ ಬೆನ್ನು ಶುದ್ಧವಾಗಿತ್ತು. ಆದರೆ ಗಡ್ಡೆಯ ಸುತ್ತಲಿನ ಮಿದುಳು ಊದಿಕೊಂಡಿದ್ದದ್ದು, ಇದು ಸಾಧು ಸ್ವಭಾವದ ಪ್ಯಾಪಿಲೋಮಾ ಅಲ್ಲದಿರಬಹುದು ಎಂಬ ಅನುಮಾನ ಹುಟ್ಟಿಸಿತು.

ಈ ಗಡ್ಡೆಯಲ್ಲಿ ಶಸ್ತ್ರವೈದ್ಯ ನಿಜವಾಗಿ ಎದುರಿಸಬೇಕಾದದ್ದು ರಕ್ತಸ್ರಾವವನ್ನು. ಎಂಟು ಕಿಲೋ ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಸುಮಾರು 640 ಮಿಲಿಲೀಟರ್. ದೊಡ್ಡವರಲ್ಲಿ ನಾವು ಅಷ್ಟಾಗಿ ಲೆಕ್ಕಿಸದ 150 ಮಿಲಿಲೀಟರ್ ಸೋರಿದರೆ ಇಲ್ಲಿ ಕಾಲುಭಾಗವೇ ಹೋದಂತೆ. ಗಡ್ಡೆಗೆ ರಕ್ತ ತರುವ ಕೊರಾಯ್ಡಲ್ ಅಪಧಮನಿಗಳನ್ನು ಒಳಗಿನಿಂದಲೇ ಮುಚ್ಚಲು ಯತ್ನಿಸಿದೆವು, ಆದರೆ ಅವು ತೀರ ಸಣ್ಣವಾಗಿದ್ದುದರಿಂದ ರಕ್ತನಾಳದೊಳಗೆ ತೂರಿಸುವ ತೆಳು ಕೊಳವೆ (ಕ್ಯಾತಿಟರ್) ಅಲ್ಲಿಯವರೆಗೆ ಹೋಗಲಿಲ್ಲ. ಹಾಗಾಗಿ ಆ ರಕ್ತನಾಳಗಳು ಗಡ್ಡೆಯನ್ನು ಸೇರುವ ತೊಟ್ಟನ್ನು ಮೊದಲು ಹಿಡಿದು ಸುಟ್ಟು ಮುಚ್ಚಿ, ಆಮೇಲೆ ಗಡ್ಡೆಗೆ ಕೈಹಾಕುವ ಯೋಜನೆ ಹಾಕಿಕೊಂಡೆ. ತೊಟ್ಟು ಗಡ್ಡೆಯ ಹಿಂಬದಿಯಲ್ಲಿ, ಆಳದಲ್ಲಿ ಅಡಗಿತ್ತು. ಅಲ್ಲಿಗೆ ತಲುಪಲು ವಿದ್ಯುತ್ತಿನಿಂದ ಸುಡುವ ಚಿಮಟವಾದ ಬೈಪೋಲಾರ್‌ನಿಂದ ಮೇಲ್ಮೈಯನ್ನು ಕುಗ್ಗಿಸುತ್ತ ಹೋದಂತೆ, ತುದಿ ತಾಗಿದಲ್ಲೆಲ್ಲ ಆ ಕೆಂಪು ಅಂಗಾಂಶ ಒಸರತೊಡಗಿತು. ಒಂದು ಕಡೆ ಹತ್ತಿಯ ತುಂಡು ಒತ್ತಿಹಿಡಿದರೆ ಇನ್ನೊಂದು ಕಡೆ ಮಡುಗಟ್ಟುತ್ತಿತ್ತು. "ಎರಡನೇ ಸಲ ರಕ್ತ ಕೊಡುತ್ತಿದ್ದೇವೆ ಸರ್, ಮೈ ತಣ್ಣಗಾಗುತ್ತಿದೆ" ಎಂದು ಅರಿವಳಿಕೆ ತಜ್ಞೆ ಹೇಳಿದಾಗ ಮೂರನೇ ಒಂದು ಭಾಗವಷ್ಟೇ ಹೊರಬಂದಿತ್ತು. ನಾನು ಅಲ್ಲಿಗೇ ನಿಲ್ಲಿಸಿದೆ. ಇನ್ನೂ ಸ್ವಲ್ಪ ತೆಗೆಯೋಣ ಎಂಬ ಆಸೆಯನ್ನು ಅಂದು ಅದುಮಿಟ್ಟದ್ದು ಆ ಮಗುವಿಗೆ ನಾನು ಮಾಡಿದ ಅತಿ ಮುಖ್ಯ ಕೆಲಸ ಎಂದು ಈಗಲೂ ನಂಬಿದ್ದೇನೆ.

ಪೆಥಾಲಜಿ ವರದಿ ಕಾರ್ಸಿನೋಮಾ ಎಂದಿತು, ಅಂದರೆ 3ನೇ ದರ್ಜೆಯ ಕ್ಯಾನ್ಸರ್ ಗಡ್ಡೆ. ಪ್ಯಾಪಿಲೋಮಾ ಆಗಿದ್ದರೆ ಪೂರ್ತಿ ತೆಗೆದುಹಾಕುವುದೇ ಬಹುಪಾಲು ಮಕ್ಕಳಿಗೆ ಸಾಕಾಗುವ ಚಿಕಿತ್ಸೆ. ಸೂಕ್ಷ್ಮದರ್ಶಕದಲ್ಲಿ ಹೋಲುವ ಮತ್ತೊಂದು ಉಗ್ರ ಗಡ್ಡೆಯನ್ನು ಬೇರ್ಪಡಿಸಲು ಐಎನ್‌ಐ1 ಬಣ್ಣದ ಪರೀಕ್ಷೆಯನ್ನೂ ಮಾಡಿಸಿದೆವು. ಆ ಪ್ರೋಟೀನು ಉಳಿದುಕೊಂಡಿದ್ದರಿಂದ ಸಂದೇಹ ತೀರಿತು. ಅನಂತರ ಜೀವಕೋಶಗಳು ಕ್ಯಾನ್ಸರಿಗೆ ತಿರುಗದಂತೆ ತಡೆಯುವ ಟಿಪಿ53 ಜೀನನ್ನು ರಕ್ತದಲ್ಲಿ ಪರೀಕ್ಷಿಸಿದಾಗ ಹುಟ್ಟಿನಿಂದಲೇ ಇದ್ದ ದೋಷ ಪತ್ತೆಯಾಯಿತು. ಇದೇ ಲೀ-ಫ್ರೌಮೆನಿ ಸಿಂಡ್ರೋಮ್, ಅಂದರೆ ಚಿಕ್ಕ ವಯಸ್ಸಿನಲ್ಲೇ ಹಲವು ಬಗೆಯ ಕ್ಯಾನ್ಸರ್ ಬರುವ ಅಪಾಯವನ್ನು ಹೆಚ್ಚಿಸುವ, ವಂಶದಲ್ಲಿ ಹರಿದುಬರಬಹುದಾದ ಸ್ಥಿತಿ. ವರದಿ ಕೈಗೆ ಬಂದ ಮೇಲಷ್ಟೇ ನಾನು ಕುಟುಂಬದ ಬಗ್ಗೆ ವಿವರವಾಗಿ ಕೇಳಿದ್ದು: ತಾಯಿಯ ತಂಗಿ 29ನೇ ವಯಸ್ಸಿನಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಈ ಪ್ರಶ್ನೆಯನ್ನು ಮೊದಲ ಭೇಟಿಯಲ್ಲೇ ಕೇಳಬೇಕಿತ್ತು, ಕೇಳಿರಲಿಲ್ಲ.

ಐಫೋಸ್ಫಮೈಡ್, ಕಾರ್ಬೋಪ್ಲಾಟಿನ್, ಎಟೊಪೊಸೈಡ್ ಸೇರಿದ ಕೀಮೋಥೆರಪಿ ಸುತ್ತುಗಳ ಬಳಿಕ ಮತ್ತೆ ತಲೆ ತೆರೆದಾಗ ನಾನು ಕಂಡದ್ದು ಬೇರೆಯದೇ ಗಡ್ಡೆ. ಅದು ಕುಗ್ಗಿ, ಮಾಸಲು ಬಣ್ಣಕ್ಕೆ ತಿರುಗಿ, ನಾರಿನಂತೆ ಗಟ್ಟಿಯಾಗಿತ್ತು. ತೊಟ್ಟು ಬೇಗನೆ ಸಿಕ್ಕಿತು, ಮುಚ್ಚಿ ಕತ್ತರಿಸಿದ ಮೇಲೆ ಉಳಿದದ್ದು ಹೆಚ್ಚು ಸೋರದೆ ಹೊರಬಂತು, ಮತ್ತು ಮರುದಿನದ ಎಂಆರ್‌ಐಯಲ್ಲಿ ಗಡ್ಡೆಯ ಶೇಷ ಕಾಣಲಿಲ್ಲ. ಹಿಗ್ಗಿದ್ದ ಮಿದುಳು ಒಳಕ್ಕೆ ಕುಸಿದು ಅದರ ಹೊದಿಕೆಯ ಕೆಳಗೆ ದ್ರವ ತುಂಬಿಕೊಂಡಿತು. ಅದಕ್ಕೆ ಷಂಟ್, ಅಂದರೆ ದ್ರವವನ್ನು ಹೊರಗೆ ಹರಿಸುವ ಕೊಳವೆ, ಹಾಕಬೇಕಾಯಿತು.

ವಿಕಿರಣ ಚಿಕಿತ್ಸೆಯನ್ನು ನಾವು ಕೊಡಲಿಲ್ಲ. ಬೆಳೆಯುವ ಮಿದುಳಿಗೆ ಅದರಿಂದಾಗುವ ಹಾನಿ ಒಂದು ಕಾರಣವಾದರೆ, ಟಿಪಿ53 ದೋಷವಿರುವ ಮೈಯಲ್ಲಿ ವಿಕಿರಣವೇ ಮುಂದೆ ಹೊಸ ಕ್ಯಾನ್ಸರಿಗೆ ದಾರಿಯಾಗಬಹುದೆಂಬುದು ಇನ್ನೊಂದು. ಮಗುವಿಗೆ ಈಗ ಮೂರು ವರ್ಷ. ತಲೆಯ ಎಂಆರ್‌ಐ ಜೊತೆಗೆ ಮೂರು-ನಾಲ್ಕು ತಿಂಗಳಿಗೊಮ್ಮೆ ಹೊಟ್ಟೆಯ ಅಲ್ಟ್ರಾಸೌಂಡ್ ಆಗುತ್ತದೆ, ಏಕೆಂದರೆ ಅಡ್ರಿನಲ್ ಗ್ರಂಥಿಯ ಗಡ್ಡೆಯ ಅಪಾಯವೂ ಈ ಮಕ್ಕಳಿಗಿದೆ. ಅದೇ ಜೀನ್ ದೋಷ ತಾಯಿಯಲ್ಲೂ ಕಂಡುಬಂದಿರುವುದರಿಂದ, ಮಗಳನ್ನು ತಪಾಸಣೆಗೆ ಕರೆತರುವ ದಿನವೇ ಆಕೆಯ ಸ್ತನ ತಪಾಸಣೆಯನ್ನೂ ಗೊತ್ತುಮಾಡಿಕೊಡುತ್ತಿದ್ದೇನೆ.