ದುಬೈಗೆ ಬಂದ ಹಾಸನದವರಿಗೆ: 25 ವರ್ಷದ ಪ್ಲಾನ್ ತಲೆಗೆ ಕಟ್ಟಿದ್ದರೆ

ದುಬೈಗೆ ಬಂದು ಸಂಬಳದ ಅಕೌಂಟ್ ತೆರೆದು ಒಂದೆರಡು ತಿಂಗಳೂ ಆಗಿರುವುದಿಲ್ಲ, ಫೋನ್ ಬರುತ್ತದೆ. "ನಿಮ್ಮ ಸ್ನೇಹಿತರೇ ನಂಬರ್ ಕೊಟ್ಟರು ಸರ್, ಒಂದು ಕಾಫಿಗೆ ಸಿಗೋಣ." ಕಾಫಿ ಬೆಳೆಯುವ ಊರಿನವರಿಗೆ ಅದಕ್ಕಿಂತ ದುಬಾರಿ ಕಾಫಿ ಇನ್ನೊಂದಿಲ್ಲ. ಅಡ್ವೈಸರ್ ತೋರಿಸುವುದು ಹೆಚ್ಚಾಗಿ ಬ್ರಿಟನ್ ಹತ್ತಿರದ ಐಲ್ ಆಫ್ ಮ್ಯಾನ್ ಅಥವಾ ಗರ್ನ್ಸಿ ದ್ವೀಪದ ವಿಮಾ ಕಂಪನಿಯ 25 ವರ್ಷದ ಉಳಿತಾಯ ಪ್ಲಾನ್.

ಸಹಿ ಹಾಕಿ ಇನ್ನೂ 30 ದಿನ ಆಗಿಲ್ಲವಾದರೆ ಮುಂದೆ ಓದುವುದು ಆಮೇಲೆ ಇರಲಿ. ಇಂಥ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಅಷ್ಟು ದಿನದೊಳಗೆ ರದ್ದು ಮಾಡುವ ಹಕ್ಕು ಇರುತ್ತದೆ. ಇವತ್ತೇ ಕಂಪನಿಗೆ ನೇರವಾಗಿ ಈಮೇಲ್ ಹಾಕಿ, ಅಡ್ವೈಸರ್ ಕೈಲಿ ಕೊಡಬೇಡಿ.

ಗಡುವು ದಾಟಿದವರ ಕಥೆ ಬೇರೆ. ಹೋದ ರಜೆಯಲ್ಲಿ ಸಕಲೇಶಪುರದಲ್ಲಿ ನೆಂಟರ ಹುಡುಗನೊಬ್ಬ ಜಗುಲಿ ಮೇಲೆ ಫೈಲ್ ಹರಡಿಕೊಂಡು ಕೂತ. ತಿಂಗಳಿಗೆ 1,000 ಡಾಲರ್‌ನಂತೆ ಎರಡೂವರೆ ವರ್ಷ ಕಟ್ಟಿದ್ದ. "ಚಿಕ್ಕಪ್ಪಾ, 31,000 ಆಗಿದೆ ನೋಡಿ" ಅಂದ. ಪುಟ ತಿರುವಿದೆ. ಸಣ್ಣ ಅಕ್ಷರದಲ್ಲಿ ಸರೆಂಡರ್ ವ್ಯಾಲ್ಯೂ, ಅಂದರೆ ಈಗಲೇ ಮುರಿದರೆ ಕೈಗೆ ಸಿಗುವ ಹಣ, ಸುಮಾರು 13,000. ಮೊದಲ 18 ತಿಂಗಳ ಕಂತು ಪ್ಲಾನ್ ಮುಗಿಯುವವರೆಗೆ ಬೀಗ ಹಾಕಿದ ಹಾಗೆ. ಅದರಿಂದ ವರ್ಷ ವರ್ಷ ಚಾರ್ಜ್ ಕತ್ತರಿಸುತ್ತಾರೆ. 2020ರಲ್ಲಿ ಯುಎಇ ನಿಯಮ ಬದಲಾಗುವವರೆಗೆ ಅಡ್ವೈಸರ್ ಕಮಿಷನ್ ಮೊದಲೇ ಸಂದಾಯ ಆಗುತ್ತಿತ್ತು, ಅದೂ ಪೂರ್ತಿ 25 ವರ್ಷದ ಕಂತಿನ ಲೆಕ್ಕದಲ್ಲಿ. ಅದಕ್ಕೇ 10 ವರ್ಷದ ಪ್ಲಾನ್ ತೋರಿಸುವವರು ಕಮ್ಮಿ ಇದ್ದರು, ಅಲ್ವಾ?

"ದ್ವೀಪದ ಕಾನೂನಿನಲ್ಲಿ 90% ಹಣಕ್ಕೆ ರಕ್ಷಣೆ ಇದೆ" ಅಂತಲೂ ಹೇಳಿರುತ್ತಾರೆ. ಐಲ್ ಆಫ್ ಮ್ಯಾನ್‌ನಲ್ಲಿ ಅದು ಇರುವುದು ವಿಮಾ ಕಂಪನಿಯೇ ದಿವಾಳಿಯಾದರೆ. ಚಾರ್ಜ್ ತಿಂದ ಹಣಕ್ಕೂ ಅಲ್ಲ, ನಿಮ್ಮ ಹಣ ಹೂಡಿದ ಫಂಡಿನ ಬೆಲೆ ಬಿದ್ದು ಹೋದ ಹಣಕ್ಕೂ ಅಲ್ಲ.

ದೂರು ಕೊಡುವ ಮುಂಚೆ ಇದೊಂದನ್ನು ಬಿಡಿಸಿಕೊಳ್ಳಿ: ಮಾರಿದವರು ಬೇರೆ, ಪಾಲಿಸಿ ಕೊಟ್ಟ ಕಂಪನಿ ಬೇರೆ. ಕಂಪನಿಗೆ ಬರೆದರೆ "ಸಲಹೆ ಕೊಟ್ಟದ್ದು ನಾವಲ್ಲ" ಅನ್ನುತ್ತದೆ. ಮಾರಿದವನು ಅಷ್ಟರಲ್ಲಿ ಕೆಲಸ ಬಿಟ್ಟು ಇನ್ನೆಲ್ಲೋ ಇರುತ್ತಾನೆ. ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಲಿಖಿತ ದೂರು ಹೋಗಬೇಕು. ಫೋನಿನಲ್ಲಿ ಜಗಳ ಆಡಿ ಏನೂ ಸಿಗದು. ವಾಟ್ಸಾಪ್ ಸಂದೇಶ, ತೋರಿಸಿದ ಲಾಭದ ಪಟ್ಟಿ, ವಿಸಿಟಿಂಗ್ ಕಾರ್ಡ್ ಎಲ್ಲ ಎತ್ತಿಡಿ. ಎಷ್ಟು ನಷ್ಟ ತಡೆದುಕೊಳ್ಳಬಲ್ಲಿರಿ ಅಂತ ಕೇಳುವ ರಿಸ್ಕ್ ಫಾರ್ಮ್ ನೀವೇ ತುಂಬಿದ್ದಾ, ಅವನೇ ತುಂಬಿ ಸಹಿ ಹಾಕಿಸಿಕೊಂಡದ್ದಾ ನೋಡಿ. ಎಷ್ಟೋ ಸಲ ದೂರಿನ ಜೀವ ಇರುವುದು ಅಲ್ಲೇ. ಕಾಗದ ನಿಮ್ಮ ಹತ್ತಿರ ಇಲ್ಲವಾದರೆ, ಡೇಟಾ ರಕ್ಷಣೆ ಕಾನೂನಿನಡಿ ನನ್ನ ಫೈಲ್ ಕೊಡಿ ಅಂತ ಕಂಪನಿಯನ್ನು ಕೇಳಬಹುದು. ಸಾಮಾನ್ಯವಾಗಿ ಒಂದು ತಿಂಗಳಲ್ಲಿ ಕೊಡಬೇಕು, ಶುಲ್ಕ ಇಲ್ಲ.

ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ ಓಂಬುಡ್ಸ್‌ಮನ್, ಅಂದರೆ ಇಂಥ ದೂರು ವಿಚಾರಿಸುವ ಸ್ವತಂತ್ರ ಸಂಸ್ಥೆ. ಗರ್ನ್ಸಿ, ಜೆರ್ಸಿ ಪಾಲಿಸಿಗೆ ಚಾನೆಲ್ ಐಲ್ಯಾಂಡ್ಸ್ ಫೈನಾನ್ಷಿಯಲ್ ಓಂಬುಡ್ಸ್‌ಮನ್, ಐಲ್ ಆಫ್ ಮ್ಯಾನ್‌ಗೆ ಅಲ್ಲಿಯದೇ ಯೋಜನೆ. ಎರಡೂ ದೂರುದಾರರಿಗೆ ಉಚಿತ. ಲಂಡನ್ನಿನ ಓಂಬುಡ್ಸ್‌ಮನ್‌ಗೆ ಬರೆದು ಸುಮ್ನೆ ಸಮಯ ಹಾಳು ಮಾಡಬೇಡಿ, ಈ ದ್ವೀಪಗಳು ಅವರ ವ್ಯಾಪ್ತಿಗೆ ಬರುವುದಿಲ್ಲ. ದುಬೈನಲ್ಲಿ ಮಾರಿದವರ ಲೈಸೆನ್ಸ್ ಯಾರದು ನೋಡಿ. ಸೆಂಟ್ರಲ್ ಬ್ಯಾಂಕ್ ಲೈಸೆನ್ಸಿನ ಬ್ಯಾಂಕ್, ವಿಮಾ ಕಂಪನಿಗಳಾದರೆ ಯುಎಇಯ ಓಂಬುಡ್ಸ್‌ಮನ್ ಸಂಸ್ಥೆ ಸನದಕ್‌ಗೆ ಹೋಗಬಹುದು, ಮೊದಲು ಸಂಸ್ಥೆಗೇ ದೂರು ಕೊಟ್ಟ ಮೇಲೆ. ಎಲ್ಲ ಕಡೆ ವರ್ಷಗಳ ಮಿತಿ ಇದೆ. "ಮುಂದಿನ ರಜೆಯಲ್ಲಿ ನೋಡೋಣ" ಅಂತ ಕೂರಬೇಡಿ.

ಫಂಡ್ ಬಿದ್ದಿದೆ ಅಂತ ಮಾತ್ರ ದೂರಿದರೆ ಗೆಲ್ಲುವುದು ಕಷ್ಟ. ಚಾರ್ಜ್ ಹೇಳಲಿಲ್ಲ, ಯಾವಾಗ ಬೇಕಾದರೂ ತೆಗೆಯಬಹುದು ಅಂದರು, ಎರಡು ವರ್ಷದ ವೀಸಾ ಇದ್ದವನಿಗೆ 25 ವರ್ಷದ್ದು ಮಾರಿದರು, ಇಂಥದ್ದನ್ನು ಬರೆಯಿರಿ.

ಈ ನಡುವೆ ಕಂತು ಮುಂದುವರಿಸಬೇಕಾ? ಕಂತು ನಿಲ್ಲಿಸಿದರೆ ಎಷ್ಟು, ಈಗಲೇ ಮುರಿದರೆ ಎಷ್ಟು, ಕೊನೆಯವರೆಗೆ ಕಟ್ಟಿದರೆ ಚಾರ್ಜ್ ಎಷ್ಟು ಅಂತ ಮೂರೂ ಲೆಕ್ಕ ಕಂಪನಿಯಿಂದ ಬರಹದಲ್ಲಿ ಕೇಳಿ. ಹೋದ ಹಣದ ಮೇಲಿನ ಸಿಟ್ಟಿಗೆ ಇನ್ನಷ್ಟು ಸುರಿಯುವವರೇ ಜಾಸ್ತಿ. ಹಣ ವಾಪಸ್ ಕೊಡಿಸುತ್ತೇವೆ, ಮುಂಗಡ ಕೊಡಿ ಅನ್ನುವವರ ಹತ್ತಿರವೂ ಹೋಗಬೇಡಿ.

ಊರಿಗೆ ವಾಪಸ್ ಬಂದವರಿಗೆ ಇನ್ನೊಂದು ಮಾತು. ಅನಿವಾಸಿ ಆಗಿದ್ದಾಗ ಕೊಂಡ ಪಾಲಿಸಿ ಇಟ್ಟುಕೊಳ್ಳಲು ವಿದೇಶಿ ವಿನಿಮಯದ ಫೆಮಾ ಕಾನೂನು ಬಿಡುತ್ತದೆ. ಆದರೆ ತೆರಿಗೆ ಲೆಕ್ಕದಲ್ಲಿ ಪೂರ್ತಿ ನಿವಾಸಿ ಆದ ಮೇಲೆ ಆದಾಯ ತೆರಿಗೆ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ತುಂಬಲೇಬೇಕು. ಬಿಟ್ಟರೆ 2015ರ ಕಪ್ಪು ಹಣದ ಕಾಯ್ದೆಯಡಿ 10 ಲಕ್ಷ ರೂಪಾಯಿ ದಂಡ ಬೀಳಬಹುದು. ಹಾಸನದ ನಿಮ್ಮ ಆಡಿಟರ್‌ಗೆ ಪಾಲಿಸಿ ಇದೆ ಅಂತ ನೀವೇ ಹೇಳಿ, ಹೇಳದೆ ಅವರಿಗೆ ಗೊತ್ತಾಗುವುದಿಲ್ಲ.