ಪರದೆ ಕಟ್ಟಿದ ಮೇಲೆ ಶುರುವಾದ ಎಡಿಟಿಂಗ್

ನಾನು ಉಡುಪಿಯಲ್ಲಿ ಮದುವೆ ವಿಡಿಯೋ ಮಾಡುವವನು. ಬ್ರಹ್ಮಾವರದ ಆಚೆ ಒಂದು ಕೊರಗ ಕಾಲನಿಯ (ಕೊರಗರು ನಮ್ಮ ಕರಾವಳಿಯ ಬುಡಕಟ್ಟು ಜನ) ಹುಡುಗ ನನ್ನ ಜೊತೆ ಲೈಟ್ ಹಿಡಿಯಲು ಬರುತ್ತಿದ್ದ. ಒಂದು ದಿನ ಹಾಲ್‌ನಲ್ಲಿ ಊಟಕ್ಕೆ ಕೂತಾಗ ಹೇಳಿದ, "ಅಜ್ಜಿ ಬುಟ್ಟಿ ಹೆಣೆಯುವುದನ್ನು ನಾವೇ ಒಂದು ಪಿಚ್ಚರ್ ಮಾಡುವ ಅಂತ ಇದೆ, ನೀವು ಎಡಿಟ್ ಮಾತ್ರ ಮಾಡಿಕೊಡಿ." ಆ 'ಮಾತ್ರ' ಅನ್ನೋದು ಆಗ ನನ್ನ ತಲೆಗೆ ಹೋಗಲೇ ಇಲ್ಲ.

ಶೂಟಿಂಗ್ ಪೂರ್ತಿ ಮೊಬೈಲ್‌ನಲ್ಲಿ, ಕಾಲನಿಯ ಮೂರು ಜನ ಮಕ್ಕಳದ್ದು. ನಾನು ಕೊಟ್ಟಿದ್ದು ಒಂದು ಕಾಲರ್ ಮೈಕ್. ಗಾಳಿ ಸದ್ದು ತಡೆಯಲು ಅದಕ್ಕೆ ಹಳೆ ಟೆಡ್ಡಿ ಗೊಂಬೆಯ ತುಪ್ಪಳ ಕತ್ತರಿಸಿ ಸುತ್ತಿದೆವು, ಅಂಗಡಿಯದ್ದಕ್ಕಿಂತ ಚೆನ್ನಾಗಿತ್ತು. ಎಡಿಟಿಂಗ್‌ಗೆ ಕೂತಾಗ ಒಂದು ತಲೆನೋವು ಎದುರಾಯಿತು. ಶುರುವಿನಲ್ಲಿ ಸರಿ ಇದ್ದ ಮಾತು ಹತ್ತು ನಿಮಿಷಕ್ಕೆ ಬಾಯಿಂದ ಅರ್ಧ ಸೆಕೆಂಡ್ ಆಚೆ ಹೋಗಿರುತ್ತಿತ್ತು. ಮೊಬೈಲ್ ಒಂದೇ ಫ್ರೇಮ್ ರೇಟ್‌ನಲ್ಲಿ, ಅಂದರೆ ಸೆಕೆಂಡಿಗೆ ಇಷ್ಟೇ ಚಿತ್ರ ಅಂತ, ರೆಕಾರ್ಡ್ ಮಾಡಲ್ಲ, ಬೆಳಕು ಕಮ್ಮಿ ಆದ ಹಾಗೆ, ಬಿಸಿ ಏರಿದ ಹಾಗೆ ಅದು ಹೆಚ್ಚುಕಮ್ಮಿ ಮಾಡುತ್ತದೆ. ಎಲ್ಲವನ್ನೂ ಮೊದಲು ಹ್ಯಾಂಡ್‌ಬ್ರೇಕ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಹಾಕಿ ಸೆಕೆಂಡಿಗೆ ಒಂದೇ ಸಮ 25 ಫ್ರೇಮ್‌ಗೆ ಕೂರಿಸಿದ ಮೇಲೆ ಸರಿಹೋಯಿತು. ಇದು ಮೊದಲೇ ಗೊತ್ತಿದ್ದರೆ ನಾಲ್ಕು ರಾತ್ರಿ ನಿದ್ದೆ ಉಳಿಯುತ್ತಿತ್ತು.

ಏಪ್ರಿಲ್‌ನಲ್ಲಿ 22 ನಿಮಿಷದ್ದು ರೆಡಿ ಆಯಿತು. ಕಾಲನಿಯಲ್ಲೇ ಮೊದಲು ತೋರಿಸಬೇಕು ಅಂದರು. ಸರಿ, ಎರಡು ಅಡಿಕೆ ಕಂಬ, ಅದರ ನಡುವೆ ಬಿಳಿ ಬೆಡ್‌ಶೀಟ್ ಎರಡು ಸೇರಿಸಿ ಹೊಲಿದ ಪರದೆ. ಕೆಳಗಡೆ ಬಿದಿರು ಗಳ ಕಟ್ಟದಿದ್ದರೆ ಗಾಳಿಗೆ ಪರದೆ ದೋಣಿಯ ಹಾಯಿ ಆಗುತ್ತದೆ, ಮುಖಗಳೆಲ್ಲ ಊದಿಕೊಂಡು ಕಾಣುತ್ತವೆ. ಬಾಡಿಗೆ ಪ್ರೊಜೆಕ್ಟರ್ 3000 ಲ್ಯೂಮೆನ್‌ದ್ದು, ಪೂರ್ತಿ ಕತ್ತಲಾಗದೆ ಅದರಿಂದ ಏನೂ ಕಾಣಲ್ಲ. ಹಾಗಾಗಿ ಏಳೂವರೆಗೆ ಶುರು ಮಾಡಿದೆವು. ನನ್ನ ಸಲಹೆ ಕೇಳಿದರೆ ದುಡ್ಡನ್ನು ಪ್ರೊಜೆಕ್ಟರ್‌ಗಿಂತ ಜಾಸ್ತಿ ಸ್ಪೀಕರ್‌ಗೆ ಹಾಕಿ. ಚಿತ್ರ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಅಜ್ಜಿ ಮಾತಾಡಿದ್ದು ಕೊರಗ ಭಾಷೆಯಲ್ಲಿ. ಅದಕ್ಕೆ ಬೇರೆ ಲಿಪಿ ಇಲ್ಲ, ಮಕ್ಕಳು ಮನೆಯಲ್ಲೂ ಈಗ ತುಳುವೇ ಜಾಸ್ತಿ ಆಡೋದು. ನಾನು ಕಷ್ಟಪಟ್ಟು ಕನ್ನಡ ಸಬ್‌ಟೈಟಲ್ ಹಾಕಿದ್ದೆ. ಹಿರಿಯರಿಗೆ ಅದು ಬೇಕಿರಲಿಲ್ಲ, ಚಿಕ್ಕವರು ಅಷ್ಟು ಬೇಗ ಓದುತ್ತಿರಲಿಲ್ಲ. ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು ಜೋರಾಗಿ ಓದತೊಡಗಿದಳು. ಅವಳು ಓದಿದ್ದು ತಪ್ಪಾದರೆ ಹಿಂದಿನಿಂದ ಯಾರೋ ಕತ್ತಲಲ್ಲೇ "ಹಾಗಲ್ಲ ಮಗಾ" ಅಂತ ತಿದ್ದುತ್ತಿದ್ದರು. ನನ್ನ ಅನುವಾದದಲ್ಲಿ ಐದು ತಪ್ಪು ಅವತ್ತೇ ಸಿಕ್ಕಿದವು.

ಒಂದು ಶಾಟ್ ಇತ್ತು. ಅಜ್ಜಿ ಕಾಡೊಳಗೆ ಬಗ್ಗಿ ಬೂರು ಎಳೆಯುತ್ತಾರೆ, ಅಂದರೆ ಬುಟ್ಟಿಯ ಬಳ್ಳಿ. ಅದು ಮರದಿಂದ ಸರ್ರನೆ ಬಿಡಿಸಿಕೊಂಡು ಬರುವಾಗ ಮೇಲಿಂದ ಎಲೆ ಉದುರುತ್ತದೆ, ಹಿಂದೆ ಬೆಳಗಿನ ಬಿಸಿಲು. ಇಡೀ ಪಿಚ್ಚರ್‌ನಲ್ಲಿ ನನಗೆ ಅದಕ್ಕಿಂತ ಇಷ್ಟದ್ದು ಬೇರೆ ಇರಲಿಲ್ಲ. ಅದು ಬಂದ ತಕ್ಷಣ ಅಜ್ಜಿ ಏನೋ ಅಂದರು, ಜನ ಎಲ್ಲ ಸುಮ್ಮನಾದರು. ಹುಡುಗ ಬಂದು ಕಿವಿಯಲ್ಲಿ ಹೇಳಿದ, "ಅದು ತೆಗೀಬೇಕಂತೆ. ಜಾಗ ಯಾವುದು ಅಂತ ನೋಡಿದವರಿಗೆ ಗೊತ್ತಾಗ್ತದೆ. ನಾಳೆ ಕಾಡಿಗೆ ಹೋಗಲಿಕ್ಕೆ ಬಿಡದಿದ್ದರೆ?"

ನಾನು ವಾದ ಮಾಡಿದೆ, ಸುಳ್ಳು ಹೇಳಲ್ಲ. ಕಲರ್ ಬದಲಾಯಿಸುವ, ಹಿಂದಿನದ್ದು ಬ್ಲರ್ ಮಾಡುವ ಅಂದೆ. ಅಜ್ಜಿ ತಲೆ ಅಲ್ಲಾಡಿಸಿದರು, ಅಷ್ಟೇ. ಮನೆಗೆ ಬಂದು ಅದನ್ನು ತೆಗೆದೆ. ಅದರ ಜೊತೆ ಡೋಲಿನ ಎರಡು ನಿಮಿಷವೂ ಹೋಯಿತು. ಅದನ್ನು ತೆಗೆಯಲು ಹೇಳಿದ್ದು ಯುವಕರು. ಕೊರಗರನ್ನು ಕರೆದು ಡೋಲು ಬಡಿಸುವುದು, ಎಂಜಲು ತಿನ್ನಿಸುವುದು, ಇಂಥ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಸರ್ಕಾರ ಕಾನೂನೇ ತರಬೇಕಾಯಿತು. "ನಮ್ಮ ಡೋಲು ನಮಗೆ ಇಷ್ಟ, ಆದರೆ ಕ್ಯಾಮೆರಾ ಬಂದ ಕೂಡಲೇ ಎಲ್ಲರೂ ಅದನ್ನೇ ಕೇಳ್ತಾರೆ" ಅಂದರು. ನಾನೂ ಕೇಳಿದ್ದೆ ಅಲ್ವಾ.

ಆಮೇಲೆ ಓದಿ ತಿಳಿದದ್ದು, ಕೆನಡಾದ ಫೋಗೋ ದ್ವೀಪದಲ್ಲಿ 1967ರಲ್ಲೇ ಅಲ್ಲಿನ ನ್ಯಾಷನಲ್ ಫಿಲ್ಮ್ ಬೋರ್ಡ್‌ನವರು ಮೀನುಗಾರರನ್ನು ಶೂಟ್ ಮಾಡಿ, ಮೊದಲು ಅವರಿಗೇ ತೋರಿಸಿ, ಬೇಡ ಅಂದಿದ್ದನ್ನು ತೆಗೆಯುವ ಕ್ರಮ ಇಟ್ಟುಕೊಂಡಿದ್ದರಂತೆ. ನಾನು ಇದನ್ನು ಏನೋ ಹೊಸ ಸಂಕಟ ಅಂದುಕೊಂಡಿದ್ದೆ.

17 ನಿಮಿಷಕ್ಕಿಳಿದ ಪಿಚ್ಚರನ್ನು ಆಗಸ್ಟ್ 18ಕ್ಕೆ ತೋರಿಸಿದೆವು. ಅವತ್ತು ಭೂಮಿ ಹಬ್ಬ, 1993ರ ಭೂಮಿ ಹೋರಾಟದ ನೆನಪಿಗೆ ಕೊರಗರು ಮಾಡುವ ಹಬ್ಬ. ಮಳೆ ಅಂತ ತಗಡಿನ ಶೆಡ್ ಒಳಗೆ ಪರದೆ ಕಟ್ಟಿದ್ದು ನನ್ನ ದಡ್ಡತನ. ಮಳೆ ಜೋರಾದಾಗ ತಗಡಿನ ಸದ್ದಿನಲ್ಲಿ ಸ್ಪೀಕರ್ ಎಷ್ಟು ಏರಿಸಿದರೂ ಕೇಳಲಿಲ್ಲ. ಮೂರು ಸಲ ನಿಲ್ಲಿಸಿದೆವು. ಆ ನಿಲ್ಲಿಸಿದ ಹೊತ್ತಲ್ಲಿ ಅಜ್ಜಿ ಅರ್ಧ ಹೆಣೆದ ಕುರುವೆ (ಬುಟ್ಟಿ) ಒಂದನ್ನು ತಂದು, ಪರದೆಯಲ್ಲಿ ಬಿಟ್ಟುಹೋದದ್ದನ್ನು ಕೈಯಲ್ಲೇ ತೋರಿಸಿದರು. ಬುಡದಲ್ಲಿ ಬೂರು ಎರಡೆರಡು ಸೇರಿ ಹೇಗೆ ಹೊರಳುತ್ತದೆ ಅನ್ನೋದು ನಮ್ಮ ಯಾವ ಶಾಟ್‌ನಲ್ಲೂ ಬಂದಿರಲಿಲ್ಲ. ಎರಡು ಗಂಡು ಮಕ್ಕಳು ಪರದೆಯ ಹಿಂದೆ ಕೂತು ಇಡೀ ಪಿಚ್ಚರ್ ಉಲ್ಟಾ ನೋಡಿದರು. "ಅಜ್ಜಿ ಎಡಗೈಯಲ್ಲಿ ಹೆಣೆಯುವುದು" ಅಂತ ಈಗಲೂ ವಾದ ಮಾಡುತ್ತಾರೆ.

ಪೆನ್‌ಡ್ರೈವ್ ಈಗ ಕಾಲನಿಯಲ್ಲಿದೆ, ನನ್ನ ಹತ್ತಿರ ಇರುವುದು ಬ್ಯಾಕಪ್ ಅಷ್ಟೇ. ಯಾರಾದರೂ ಕೇಳಿದರೆ ಹುಡುಗನ ನಂಬರ್ ಕೊಡುತ್ತೇನೆ. ಕಳೆದ ತಿಂಗಳು ಮಂಗಳೂರಿನ ಒಂದು ಕಾಲೇಜಿನವರು ಕೇಳಿದ್ದರು. ಇವರು ಒಪ್ಪಿದರು, ಒಂದೇ ಷರತ್ತು: ಅತಿಥಿಗಳನ್ನು ಸ್ವಾಗತಿಸಲು ನಮ್ಮಿಂದ ಡೋಲು ಬಡಿಸಬಾರದು. ಕಾಲೇಜಿನವರು ಆಮೇಲೆ ಫೋನ್ ಮಾಡಿಲ್ಲ.