ಅಮೆರಿಕದ ವಾಕ್ ಸ್ವಾತಂತ್ರ್ಯದ ಮೇಲೆ ಚರ್ಚಾ ಸ್ಪರ್ಧೆ: ತಯಾರಿ ಹೇಗಿರಬೇಕು?

ಹುಬ್ಬಳ್ಳಿ-ಧಾರವಾಡದ ಕಾಲೇಜುಗಳ ಚರ್ಚಾ ಸ್ಪರ್ಧೆಗೆ ‘ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯಕ್ಕೆ ಮಿತಿ ಬೇಕೇ?’ ಎಂಬ ವಿಷಯ ಕೊಟ್ಟರೆ ಮೊದಲು ಆ ವಾಕ್ಯವನ್ನೇ ತಿದ್ದಿಸಿಕೊಳ್ಳಿ. ಮಿತಿ ಅಲ್ಲಿ ಆಗಲೇ ಇದೆ. ನಿಜವಾದ ಬೆದರಿಕೆ, ಮಾನಹಾನಿ, ಅಶ್ಲೀಲತೆ ಇವಕ್ಕೆ ರಕ್ಷಣೆಯಿಲ್ಲ, ಅಥವಾ ಸಿಗುವುದು ಅಲ್ಪ. ಹಾಗಾಗಿ ‘ದ್ವೇಷ ಭಾಷಣವನ್ನು ಅಮೆರಿಕ ಶಿಕ್ಷಾರ್ಹ ಮಾಡಬೇಕು’ ಎಂದು ಒಂದೇ ಗೆರೆಗೆ ಇಳಿಸಿ. ಅಲ್ಲಿ ದ್ವೇಷ ಭಾಷಣವೆಂಬ ಕಾರಣಕ್ಕೇ ಶಿಕ್ಷೆ ಇಲ್ಲದಿರುವುದರಿಂದ ಎರಡೂ ಕಡೆಯವರಿಗೆ ವಾದಕ್ಕೆ ಹಿಡಿ ಸಿಗುತ್ತದೆ.

‘ವಾಕ್’ ಪದವೂ ಕೈ ಕೊಡುತ್ತದೆ. 1989ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಪ್ರತಿಭಟನೆಯಲ್ಲಿ ಧ್ವಜ ಸುಡುವುದಕ್ಕೂ 5-4ರ ಬಹುಮತದಿಂದ ರಕ್ಷಣೆ ಕೊಟ್ಟಿತು. ‘ಸುಡುವುದು ಮಾತೇ?’ ಎಂದು ಎದುರಾಳಿ ಕೇಳಿದರೆ ತಡವರಿಸಬೇಕಾಗುತ್ತದೆ. ‘ಅಭಿವ್ಯಕ್ತಿ’ ಎಂದೇ ಬಳಸಿ.

ಬಳಿಕ ವಾಕ್ ಸ್ವಾತಂತ್ರ್ಯವನ್ನು ಕಾಯುವ, ಅಮೆರಿಕದ ಸಂವಿಧಾನದ 1791ರ ಮೊದಲ ತಿದ್ದುಪಡಿಯ ಮೂಲ ಓದಿ. ಇಂಗ್ಲಿಷಿನಲ್ಲಿ 45 ಪದ, ಅಷ್ಟೇ. ಅಲ್ಲಿ ಬರುವ ‘ಕಾಂಗ್ರೆಸ್’ ಅಂದರೆ ಅವರ ಸಂಸತ್ತು; ಸಭಿಕರಿಗೆ ಇದನ್ನು ಒಂದು ಮಾತಿನಲ್ಲಿ ಹೇಳಿಬಿಡಿ. ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು; ರಾಜ್ಯ ಸರ್ಕಾರಗಳಿಗೂ ಅದು ಅನ್ವಯಿಸಿದ್ದು ನಂತರ, ಕೋರ್ಟಿನ ತೀರ್ಪುಗಳ ಮೂಲಕ. ಖಾಸಗಿ ಕಂಪನಿ ಯಾರದೋ ಪೋಸ್ಟು ತೆಗೆದರೆ ಈ ತಿದ್ದುಪಡಿ ಮುರಿದಂತಲ್ಲ. ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ.

ಇನ್ನು ‘ಥಿಯೇಟರಿನಲ್ಲಿ ಬೆಂಕಿ ಎಂದು ಸುಳ್ಳು ಕೂಗುವುದು’. ಪರ ವಹಿಸಿದವರ ಬಾಯಲ್ಲಿ ಇದು ಬಂದೇ ಬರುತ್ತದೆ, ವಿರೋಧ ತಂಡ ಕಾದಿರಬೇಕು. ಹಾಗೆ ಕೂಗುವುದಕ್ಕೆ ವಾಕ್ ಸ್ವಾತಂತ್ರ್ಯದ ರಕ್ಷಣೆ ಇಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಹೋಮ್ಸ್ 1919ರಲ್ಲಿ ಈ ಹೋಲಿಕೆ ಕೊಟ್ಟರು. ಆದರೆ ಆ ಮೊಕದ್ದಮೆಯಲ್ಲಿ ಬೆಂಕಿಯೂ ಇರಲಿಲ್ಲ, ಥಿಯೇಟರೂ ಇರಲಿಲ್ಲ. ಕಡ್ಡಾಯ ಸೈನಿಕ ಸೇವೆಯ ವಿರುದ್ಧ ಕರಪತ್ರ ಹಂಚಿದವರ ಶಿಕ್ಷೆಯನ್ನು ಎತ್ತಿಹಿಡಿಯಲು ಬಂದ ಮಾತದು. ಈಗ ನಡೆಯುವ ಅಳತೆಗೋಲು 1969ರ ಬ್ರಾಂಡನ್‌ಬರ್ಗ್ ತೀರ್ಪಿನದು. ಪ್ರಚೋದನೆಯೆಂದು ಶಿಕ್ಷಿಸಲು ಮೂರೂ ಕೂಡಿರಬೇಕು: ಕಾನೂನು ಮುರಿಸುವ ಉದ್ದೇಶ, ಅದು ತಕ್ಷಣ ನಡೆಯುವಂತಿರುವುದು, ನಡೆಯುವ ಸಂಭವ. ಸಭಿಕರಿಗೆ ಚನ್ನಮ್ಮ ಸರ್ಕಲ್ ತೋರಿಸಿ ಹೇಳಿ. ಅಲ್ಲಿ ಕಲ್ಲು ಹಿಡಿದು ನಿಂತ ಗುಂಪಿಗೆ ‘ಆ ಅಂಗಡಿಗೆ ಈಗಲೇ ಹೊಡೀರಿ’ ಅನ್ನುವುದು ಬೇರೆ, ‘ಇಂಥವರಿಗೆ ಒಂದಿನ ಬುದ್ಧಿ ಕಲಿಸಬೇಕ್ರಿ’ ಎಂದು ಭಾಷಣ ಬಿಗಿಯುವುದು ಬೇರೆ. ಆ ಅಳತೆಗೆ ಮೊದಲನೆಯದು ಅಪರಾಧ, ಎರಡನೆಯದು ಬಹುತೇಕ ಅಲ್ಲ.

ಪರ ತಂಡ ಹೆದರಬೇಕಿಲ್ಲ, ಅದರ ಕೈಯಲ್ಲಿ ಸ್ಕೋಕಿ ಇದೆ. 1977ರಲ್ಲಿ ನಾಜಿ ಗುಂಪೊಂದು ಇಲಿನಾಯ್ ರಾಜ್ಯದ ಈ ಊರಲ್ಲಿ ಮೆರವಣಿಗೆಗೆ ಹೊರಟಿತು. ಹಿಟ್ಲರನ ಶಿಬಿರಗಳಿಂದ ಬದುಕಿ ಬಂದ ಯಹೂದಿಗಳು ಅಲ್ಲಿ ಬಹಳ ಜನ ಇದ್ದರು. ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ನಾಜಿಗಳ ಪರ ವಾದಿಸಿ ಗೆದ್ದಿತು, ತನ್ನ ಸದಸ್ಯರನ್ನೂ ಕಳೆದುಕೊಂಡಿತು. ಮೆರವಣಿಗೆ ಕೊನೆಗೆ ಸ್ಕೋಕಿಯಲ್ಲಿ ನಡೆಯಲಿಲ್ಲ. ‘ನಡೆಯಿತು’ ಎಂದರೆ ಸಿಕ್ಕಿಬೀಳುತ್ತೀರಿ. ಆ ಜನರ ನೋವು ಹಾನಿಯಲ್ಲವೇ ಎಂಬ ಪ್ರಶ್ನೆಗೆ ವಿರೋಧ ತಂಡ ಕಾನೂನಿನ ಉತ್ತರವಷ್ಟೇ ಕೊಟ್ಟರೆ ಸಾಲದು. ನಿಷೇಧದ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟರೆ ನಾಳೆ ಅದು ಯಾರ ಮೇಲೆ ತಿರುಗೀತು ಎಂದು ತೋರಿಸಬೇಕು. ಅದಕ್ಕೆ 1919ರ ಆ ಕರಪತ್ರವೇ ಸಾಕ್ಷಿ.

ಭಾರತದ ಹೋಲಿಕೆ ಅರ್ಧ ನಿಮಿಷ ಸಾಕು: ನಮ್ಮ 19(2)ನೇ ವಿಧಿಯಲ್ಲಿ ಮಿತಿಗೆ 8 ಕಾರಣಗಳಿವೆ, 1951ರ ನಮ್ಮ ಮೊದಲ ತಿದ್ದುಪಡಿ ಅವನ್ನು ಹೆಚ್ಚಿಸಿತು. ಇದನ್ನು ಬೆಳೆಸಿದರೆ ಚರ್ಚೆ ಊರ ರಾಜಕೀಯಕ್ಕೆ ಜಾರುತ್ತದೆ.

5 ನಿಮಿಷದ ಭಾಷಣಕ್ಕೆ 450 ಪದ ಮೀರದಂತೆ ಬರೆಯಿರಿ. ಒಂದು ನಿಮಿಷ ವ್ಯಾಖ್ಯೆಗೆ, ಮೂರು ನಿಮಿಷ ಎರಡೇ ಮೊಕದ್ದಮೆಗೆ, ಕೊನೆಯದು ಪ್ರತಿವಾದಕ್ಕೆ. ನಾಲ್ಕನೆಯ ಮೊಕದ್ದಮೆ ಕೇಳುವ ಹೊತ್ತಿಗೆ ತೀರ್ಪುಗಾರರಿಗೆ ಮೊದಲನೆಯದು ಮರೆತಿರುತ್ತದೆ. ಕಾರ್ಡಿನ ಮೇಲೆ ಇಸವಿ, ಊರು, ತೀರ್ಪು ಇಷ್ಟೇ ಇರಲಿ. ಹಿಂದಿನ ದಿನ ಪಕ್ಷ ಅದಲುಬದಲು ಮಾಡಿ ಒಮ್ಮೆ ವಾದಿಸಿ. ಎಲ್ಲಿ ಬಾಯಿ ಕಟ್ಟುತ್ತದೋ ಆ ಪ್ರಶ್ನೆಯನ್ನು ಕಾರ್ಡಿನ ಹಿಂದೆ ಬರೆದುಕೊಳ್ಳಿ.